ತೋಟೆಯ ಹೆಸರು ತೋಟದವನಿಗೆ ತಿಳಿಯಬೇಡವೇ?

ಗುಂಡಿಗೆ ಜೀವ ಇರುತ್ತದೆಯೇ ಸ್ವಾಮಿ? ನಮ್ಮ ಕನ್ನಡ ಪತ್ರಿಕೆಗಳನ್ನು ಓದಿದರೆ ಇರುತ್ತದೆ ಎಂದೇ ಕಾಣುತ್ತದೆ. 'ಆರೋಪಿಯಿಂದ ಒಂದು ಪಿಸ್ತೂಲು, ಐದು ಜೀವಂತ ಗುಂಡು ವಶ' ಎಂದು ವಾರಕ್ಕೊಮ್ಮೆಯಾದರೂ ಸುದ್ದಿ ಬರುತ್ತದೆ. ಇಂಗ್ಲಿಷಿನವರು 'ಲೈವ್' ಎಂದರು. ನಮ್ಮವರು ನಿಘಂಟು ತೆರೆದು 'ಜೀವಂತ' ಎಂದು ಬರೆದು ಕೈತೊಳೆದುಕೊಂಡರು. ಮಲೆನಾಡಿನಲ್ಲಿ ಕೋವಿ ಹಿಡಿದ ಯಾವ ಹಿರಿಯರನ್ನಾದರೂ ಕೇಳಿ ನೋಡಿ. ಅವರ ಬಾಯಲ್ಲಿ ಗುಂಡೇ ಬೇರೆ, ತೋಟೆಯೇ ಬೇರೆ. ಹೊಡೆಯದ ತೋಟೆ, ಹೊಡೆದ ತೋಟೆ, ಠುಸ್ಸೆಂದ ತೋಟೆ ಎಂದು ಮೂರು ಬಗೆಯನ್ನು ಮೂರು ಮಾತಿನಲ್ಲಿ ಹೇಳುತ್ತಾರೆ. ಅವರಿಗೆ ಯಾವ ನಿಘಂಟೂ ಬೇಕಾಗಿಲ್ಲ.

ಇದು ಬರೀ ವ್ಯಾಕರಣದ ತಕರಾರಲ್ಲ. ತೋಟೆ ಎಂದರೆ ನಾಲ್ಕು ವಸ್ತುಗಳ ಒಂದು ಕಟ್ಟು. ಹೊರಗೆ ಕವಚ, ಬುಡದಲ್ಲಿ ಕೇಪು, ಒಳಗೆ ಮದ್ದು, ತುದಿಯಲ್ಲಿ ಗುಂಡು. ಕೋವಿಯ ತೋಟೆಯಾದರೆ ಒಂಟಿ ಗುಂಡಿನ ಬದಲು ಚರೆ. ಟ್ರಿಗರ್ ಎಳೆದಾಗ ಕೇಪು ಕಿಡಿ ಹಾರಿಸುತ್ತದೆ, ಮದ್ದು ಉರಿದು ಅನಿಲವಾಗುತ್ತದೆ, ಅನಿಲದ ಒತ್ತಡ ಗುಂಡನ್ನು ನೂಕುತ್ತದೆ. ಹಾರಿಹೋಗುವುದು ಗುಂಡು ಮಾತ್ರ, ಕವಚ ಹಿಂದೆ ಉಳಿಯುತ್ತದೆ. ಹೀಗಿರುವಾಗ 'ಸ್ಥಳದಲ್ಲಿ ಮೂರು ಗುಂಡು ಸಿಕ್ಕಿವೆ' ಎಂದು ಬರೆದರೆ ಏನು ಸಿಕ್ಕಿತೆಂದು ತಿಳಿಯಬೇಕು? ಹೊಡೆಯದ ತೋಟೆಯೇ, ಖಾಲಿ ಕವಚವೇ, ಗೋಡೆಗೆ ಬಡಿದು ಚಪ್ಪಟೆಯಾದ ಸೀಸವೇ? ಒಂದೊಂದಕ್ಕೂ ಕೋರ್ಟಿನಲ್ಲಿ ಒಂದೊಂದು ಅರ್ಥ. ಒಂದು ಪದ ತಪ್ಪಿದರೆ ಒಂದು ಸಾಕ್ಷಿ ತಪ್ಪಿತು.

ಕಳಸದಲ್ಲಿ ಮುದ್ರಣಾಲಯ ನಡೆಸುವವನಿಗೆ ಕೋವಿ ತೋಟೆಯ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಾನು ಪಿಯುಸಿಗೇ ಓದು ಮುಗಿಸಿದವನು, ಆಯುಧ ತಜ್ಞನಲ್ಲ. ಆದರೆ ಒಂದೇ ಹೆಸರಿನ ಎರಡು ಅಳತೆ ಎಂಥ ಅನಾಹುತ ಮಾಡುತ್ತದೆ ಎಂಬುದು ಮುದ್ರಕನಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು.

ಹನ್ನೆರಡು ಪಾಯಿಂಟ್, ಹನ್ನೆರಡು ಬೋರ್

ನಮ್ಮ ತಂದೆಯ ಕಾಲದ ಅಚ್ಚುಮೊಳೆಯ ಕೇಸುಗಳು ಈಗಲೂ ಅಟ್ಟದ ಮೇಲಿವೆ. ಸೀಸದ ಮೊಳೆಗೆ ಎರಡು ಅಳತೆ, ಮೈಯ ಅಳತೆ ಮತ್ತು ಎತ್ತರ. ಇಂಗ್ಲೆಂಡ್, ಅಮೆರಿಕದ ಪದ್ಧತಿಯಲ್ಲಿ ಮೊಳೆಯ ಎತ್ತರ 0.918 ಇಂಚು. ಯುರೋಪಿನ ಕೆಲವು ದೇಶಗಳಲ್ಲಿ ಡಿಡೊ ಎಂಬ ಬೇರೆ ಪಾಯಿಂಟ್ ಇತ್ತು. ಅಲ್ಲಿಯ 12 ಪಾಯಿಂಟ್ ಇಲ್ಲಿಯ 12 ಪಾಯಿಂಟಿಗಿಂತ ದೊಡ್ಡದು, ಸುಮಾರು 12.8ಕ್ಕೆ ಸಮ. ಹೆಸರು ಒಂದೇ, ಅಳತೆ ಬೇರೆ. ಎರಡನ್ನೂ ಒಂದೇ ಸಾಲಿನಲ್ಲಿ ಜೋಡಿಸಿದರೆ ಪುಟ ಬಿಗಿಯುವುದಿಲ್ಲ. ಎತ್ತರ ತಪ್ಪಿದ ಮೊಳೆ ಒಂದೋ ಮೂಡುವುದಿಲ್ಲ, ಇಲ್ಲವೇ ಕಾಗದವನ್ನೇ ತೂತು ಮಾಡುತ್ತದೆ. ಮೊಳೆ ತಪ್ಪಿದರೆ ಕಾಗದ ಹರಿಯುತ್ತದೆ. ತೋಟೆ ತಪ್ಪಿದರೆ ಕೈ ಹರಿಯುತ್ತದೆ. ವ್ಯತ್ಯಾಸ ಇಷ್ಟೇ.

ಮೊದಲು ನಮ್ಮ ಊರುಗಳಲ್ಲಿ ಇರುವ ಕೋವಿಯನ್ನೇ ತೆಗೆದುಕೊಳ್ಳಿ. ಕಳಸ, ಹೊರನಾಡು, ಬಾಳೆಹೊಳೆ, ಮೂಡಿಗೆರೆ ಕಡೆ ಹಳೆಯ ತೋಟದ ಮನೆಗಳಲ್ಲಿ ಗೋಡೆಗೆ ಒರಗಿರುವುದು ಕೇಪಿನ ಕೋವಿ ಅಥವಾ ತೋಟೆ ಕೋವಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್‌ನಲ್ಲೇ ಬೆಳೆ ಕಾಯುವವನಿಗೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯ ಪರವಾನಗಿಗೆ ದಾರಿ ಇದೆ. ರಕ್ಷಣೆಗಾದರೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ಗೀರುಗಳಿಲ್ಲದ ನುಣುಪು ಕೋವಿ. ನಮ್ಮ ನೆರೆಯ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿನಾಯಿತಿ ಇದೆ. 2019ರಲ್ಲಿ ಅದನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು. ನಮಗೆ ಆ ವಿನಾಯಿತಿ ಇಲ್ಲ. ಪರವಾನಗಿ ಪುಸ್ತಕವೇ ನಮ್ಮ ರಕ್ಷೆ. ಅದರಲ್ಲಿ ಏನು ಬರೆದಿದೆಯೋ ಅದೇ ನಮ್ಮ ಹಕ್ಕು. (ಒಂದು ಮಾತು ಸ್ಪಷ್ಟವಾಗಿರಲಿ: ಪರವಾನಗಿ ಇದ್ದ ಮಾತ್ರಕ್ಕೆ ಕಾಡುಪ್ರಾಣಿಗೆ ಹೊಡೆಯಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ.)

ಈಗ ಆ ಪುಸ್ತಕದಲ್ಲಿ ಏನಿದೆ? ನಮ್ಮ ಕಡೆಯ ಕೆಲವು ಪುಸ್ತಕಗಳನ್ನು ನಾನು ನೋಡಿದ್ದೇನೆ. 'ಎಸ್.ಬಿ.ಬಿ.ಎಲ್. 12 ಬೋರ್' ಎಂದು ಇಂಗ್ಲಿಷಿನಲ್ಲಿ ಗೀಚಿದ ಒಂದೇ ಸಾಲು. ಆ ನಾಲ್ಕು ಅಕ್ಷರ ಎಂದರೇನು ಎಂದು ಪುಸ್ತಕದ ಯಜಮಾನನನ್ನು ಕೇಳಿದರೆ 'ಅದು ಡಿ.ಸಿ. ಆಫೀಸಿನವರ ಭಾಷೆ ಮಾರಾಯ್ರೆ' ಎನ್ನುತ್ತಾರೆ! ಹಿಂದಿನಿಂದ ತೋಟೆ ತುಂಬುವ ಒಂಟಿನಳಿಗೆ ಕೋವಿ. ಇಷ್ಟನ್ನು ಕನ್ನಡದಲ್ಲಿ ಬರೆಯಲು ಯಾವ ಪಂಡಿತ ಬೇಕಿತ್ತು?

ಬೋರ್ ಎಂಬುದರ ಅರ್ಥವಾದರೂ ಯಾರಿಗೆ ಹೇಳಿಕೊಟ್ಟಿದ್ದಾರೆ? ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ಸೀಸವನ್ನು ಸಮನಾದ 12 ಉಂಡೆ ಮಾಡಿದರೆ ಅಂಥ ಒಂದು ಉಂಡೆ ಹಿಡಿಯುವ ನಳಿಗೆಯೇ 12 ಬೋರ್. ಅಗಲ 18.5 ಮಿ.ಮೀ. ಅದೇ ಸೀಸವನ್ನು 20 ಉಂಡೆ ಮಾಡಿದರೆ ಉಂಡೆ ಚಿಕ್ಕದಾಗುತ್ತದೆ, ನಳಿಗೆಯೂ ಚಿಕ್ಕದಾಗುತ್ತದೆ: 15.6 ಮಿ.ಮೀ. ಅಂದರೆ ಬೋರಿನ ಲೆಕ್ಕದಲ್ಲಿ ಅಂಕಿ ದೊಡ್ಡದಾದಷ್ಟೂ ನಳಿಗೆ ಕಿರಿದು. ಇದನ್ನು ತಿಳಿಯದವನು 12ಕ್ಕಿಂತ 20 ದೊಡ್ಡದು, ಆದ್ದರಿಂದ ಜೋರು ಎಂದುಕೊಂಡರೆ ಆಶ್ಚರ್ಯವಿಲ್ಲ.

ಅಪಾಯ ಇರುವುದೇ ಇಲ್ಲಿ. 20 ಬೋರಿನ ತೋಟೆಯನ್ನು 12 ಬೋರಿನ ಕೋವಿಗೆ ಹಾಕಿದರೆ ಅದು ತೋಟೆಯ ಗೂಡು ದಾಟಿ ಮುಂದೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದಿನಿಂದ ನೋಡಿದರೆ ಗೂಡು ಖಾಲಿ. ಗಡಿಬಿಡಿಯಲ್ಲಿ 12 ಬೋರಿನ ತೋಟೆಯನ್ನು ಅದರ ಹಿಂದೆ ತುಂಬಿ ಹೊಡೆದರೆ ನಳಿಗೆ ಸಿಡಿಯುತ್ತದೆ. ಸಿಡಿಯುವುದು ಎಡಗೈ ಹಿಡಿದಿರುವ ಜಾಗದ ಹತ್ತಿರವೇ. ಈ ಅನಾಹುತ ತಪ್ಪಿಸಲೆಂದೇ ಅಮೆರಿಕದವರು 20 ಬೋರಿನ ತೋಟೆಯ ಕವಚಕ್ಕೆ ಹಳದಿ ಬಣ್ಣವೆಂದು ಗೊತ್ತುಮಾಡಿದರು. ಓದಲು ಬಾರದವನೂ ಬಣ್ಣ ನೋಡಿ ತಿಳಿಯಲಿ ಎಂದು.

12 ಬೋರ್ ಎಂದಷ್ಟೇ ಬರೆದರೂ ಸಾಲದು. ತೋಟೆಯ ಉದ್ದ 65 ಮಿ.ಮೀ. ಇದೆ, 70 ಇದೆ, 76 ಇದೆ. ಈ ಉದ್ದ ಹೊಡೆದ ಮೇಲೆ ಮಡಿಕೆ ಬಿಚ್ಚಿಕೊಂಡ ಕವಚದ ಉದ್ದ. ಹೊಡೆಯುವ ಮೊದಲು 70ರ ತೋಟೆ 65ರ ಹಳೆಯ ಕೋವಿಯಲ್ಲಿ ಸಲೀಸಾಗಿ ಕೂರುತ್ತದೆ. ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಅಜ್ಜನ ಕಾಲದ ಕೋವಿಗೆ ಇಂದಿನ ತೋಟೆ ತುಂಬುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ನಳಿಗೆಯ ಮೇಲೆ ಕೆತ್ತಿರುವ ಆ ಅಂಕಿಯನ್ನು ಅವರಿಗೆ ಯಾರಾದರೂ ಓದಿ ಹೇಳಿದ್ದಾರೆಯೇ?

ಚರೆಯ ಕಥೆಯೂ ಇದೇ. ಇಂಗ್ಲಿಷರ 6ನೇ ನಂಬರ್ ಚರೆ 2.6 ಮಿ.ಮೀ., ಅಮೆರಿಕದ 6ನೇ ನಂಬರ್ 2.8 ಮಿ.ಮೀ. ಇಬ್ಬರದೂ ಆರೇ!

ಒಂದು ಚುಕ್ಕಿಯ ಬೆಲೆ

ಇನ್ನು ಕೈಬಂದೂಕಿನ ವಿಷಯಕ್ಕೆ ಬರೋಣ. ನಮ್ಮ ಕಡೆ ಕೋವಿಗೆ ಹೋಲಿಸಿದರೆ ರಿವಾಲ್ವರ್, ಪಿಸ್ತೂಲು ಕಡಿಮೆ. ಆದರೆ ಹೆಸರಿನ ಗೊಂದಲ ಹೆಚ್ಚಿರುವುದು ಅಲ್ಲೇ.

'32 ಬೋರ್ ರಿವಾಲ್ವರ್' ಎಂದು ಎಲ್ಲರೂ ಹೇಳುತ್ತಾರೆ. ಪೊಲೀಸರು ಹೇಳುತ್ತಾರೆ, ಪತ್ರಿಕೆಯವರು ಬರೆಯುತ್ತಾರೆ. ಇದು ಹುಟ್ಟಿನಿಂದಲೇ ತಪ್ಪು ಹೆಸರು. ಮೇಲೆ ಹೇಳಿದ ಸೀಸದ ಉಂಡೆಯ ಲೆಕ್ಕ ಹಿಡಿದರೆ 32 ಬೋರ್ ಎಂದರೆ ಸುಮಾರು 13.4 ಮಿ.ಮೀ. ಅಗಲದ ನಳಿಗೆ. ರಿವಾಲ್ವರಿನ 32 ಬೋರ್ ಅಲ್ಲವೇ ಅಲ್ಲ. ಅದು ಪಾಯಿಂಟ್ 32, ಒಂದು ಇಂಚಿನ ನೂರನೇ 32 ಭಾಗ, ಸುಮಾರು 8 ಮಿ.ಮೀ. ಇಲ್ಲಿ ಅಂಕಿ ದೊಡ್ಡದಾದರೆ ನಳಿಗೆಯೂ ದೊಡ್ಡದು. ಬೋರಿನ ಲೆಕ್ಕ ಇಳಿಯುವ ಮೆಟ್ಟಿಲಾದರೆ ಇದು ಏರುವ ಮೆಟ್ಟಿಲು. ಎರಡನ್ನೂ ಬೇರೆ ಮಾಡುವುದು ಅಂಕಿಯ ಹಿಂದಿನ ಒಂದು ಚುಕ್ಕಿ. ಆ ಚುಕ್ಕಿಯನ್ನು ಗುಮಾಸ್ತ ನುಂಗುತ್ತಾನೆ, ಟೈಪಿಸ್ಟ್ ನುಂಗುತ್ತಾನೆ, ಕೊನೆಗೆ ನಮ್ಮಂಥ ಮುದ್ರಕರ ಪ್ಲೇಟಿನಲ್ಲಿ ಅಳಿದುಹೋಗುತ್ತದೆ. ಚುಕ್ಕಿ ಹೋದರೆ ಮೇಲೆ 'ಬೋರ್' ಎಂಬ ಪದ ಬಂದು ಕೂರುತ್ತದೆ. 410 ಎಂದು ಕರೆಯುವ ಸಣ್ಣ ಕೋವಿಯದೂ ಇಂಚಿನ ಲೆಕ್ಕವೇ, ಬೋರಿನದಲ್ಲ. ಪೊಲೀಸರು ಬಳಸುತ್ತಿದ್ದ ಹಳೆಯ .410 ಮಸ್ಕೆಟ್ಟಿನ ತೋಟೆಯೇ ಬೇರೆ, ಅಂಗಡಿಯ .410 ಕೋವಿಯ ತೋಟೆಯೇ ಬೇರೆ.

ಹೋಗಲಿ, ಚುಕ್ಕಿ ಇಟ್ಟು .32 ಎಂದು ಬರೆದಿರಿ ಎನ್ನೋಣ. ಆಗಲಾದರೂ ಮುಗಿಯಿತೇ? ಇಲ್ಲ. .32 ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ತೋಟೆಗಳು ನಮ್ಮ ದೇಶದಲ್ಲಿ ಓಡಾಡುತ್ತಿವೆ.

ಒಂದು, ರಿವಾಲ್ವರಿನದು. ಪೂರ್ತಿ ಹೆಸರು .32 ಸ್ಮಿತ್ ಅಂಡ್ ವೆಸನ್ ಲಾಂಗ್. 1896ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಬುಡದಲ್ಲಿ ಅಂಚು, ಕವಚದ ಉದ್ದ 23 ಮಿ.ಮೀ. ಚಿಲ್ಲರೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್, 2014ರಲ್ಲಿ 'ನಿರ್ಭೀಕ್' ಎಂದು ಹೆಸರಿಟ್ಟು ಮಾರುಕಟ್ಟೆಗೆ ಬಿಟ್ಟ ಹಗುರ ರಿವಾಲ್ವರ್, ಇವೆಲ್ಲ ಈ ತೋಟೆಯವು. ಇನ್ನೊಂದು, ಪಿಸ್ತೂಲಿನದು. ಪೂರ್ತಿ ಹೆಸರು .32 ಎ.ಸಿ.ಪಿ. ಬ್ರೌನಿಂಗ್ ಎಂಬ ಶಿಲ್ಪಿ 1899ರಲ್ಲಿ ರೂಪಿಸಿದ್ದು. ಯುರೋಪಿನಲ್ಲಿ ಇದೇ ತೋಟೆಗೆ 7.65 ಬ್ರೌನಿಂಗ್ ಎಂದು ಹೆಸರು. ಕವಚದ ಉದ್ದ 17 ಮಿ.ಮೀ. ಸರ್ಕಾರಿ ಕಾರ್ಖಾನೆಯ 'ಅಶನಿ' ಪಿಸ್ತೂಲಿಗೆ ಬೇಕಾದದ್ದು ಇದು.

ಗಾತ್ರ ಚಿಕ್ಕದು, ಆದ್ದರಿಂದ ಎರಡನೆಯದೇ ಸೌಮ್ಯ ಎಂದುಕೊಳ್ಳಬೇಡಿ. ಅಮೆರಿಕದ ಮಾನಕದಲ್ಲಿ ಮೊದಲನೆಯದರ ಒತ್ತಡದ ಮಿತಿ ಚದರ ಇಂಚಿಗೆ 15,000 ಪೌಂಡ್. ಎರಡನೆಯದರದ್ದು 20,500 ಪೌಂಡ್. ಉದ್ದನೆಯ ತೋಟೆ ಪಿಸ್ತೂಲಿನೊಳಗೆ ಹೋಗುವುದಿಲ್ಲ, ಅಲ್ಲಿಗೆ ಬದುಕಿದೆವು. ಆದರೆ ಗಿಡ್ಡ ತೋಟೆ ಕೆಲವು ರಿವಾಲ್ವರಿನ ಗೂಡಿನಲ್ಲಿ ಕೂತುಬಿಡುತ್ತದೆ. ಹಳೆಯ ಕಬ್ಬಿಣದ ರಿವಾಲ್ವರ್ 15,000ಕ್ಕೆ ತಕ್ಕಂತೆ ಮಾಡಿದ್ದು. ಅದರಲ್ಲಿ 20,500ರ ತೋಟೆ ಹೊಡೆದರೆ ಏನಾದೀತು? ಇಷ್ಟು ದೊಡ್ಡ ವಿಷಯವನ್ನು '32' ಎಂಬ ಎರಡಂಕಿಯ ಚೀಟಿಯಲ್ಲಿ ಮುಚ್ಚಿಡುವುದು ಯಾವ ನ್ಯಾಯ?

ಈ ಗೊಂದಲಕ್ಕೆ ವ್ಯಾಪಾರದ ಜಗಳವೂ ಕಾರಣ. ಕೋಲ್ಟ್ ಕಂಪನಿಯವರಿಗೆ ತಮ್ಮ ರಿವಾಲ್ವರಿನ ಮೇಲೆ ಪ್ರತಿಸ್ಪರ್ಧಿ ಸ್ಮಿತ್ ಅಂಡ್ ವೆಸನ್ ಹೆಸರು ಕೆತ್ತುವುದು ಬೇಡವಾಗಿತ್ತು. ಅದೇ ಉದ್ದನೆಯ ತೋಟೆಗೆ .32 ಕೋಲ್ಟ್ ನ್ಯೂ ಪೊಲೀಸ್ ಎಂದು ಹೆಸರಿಟ್ಟರು. ಅಲ್ಲಿಗೆ ಒಂದು ತೋಟೆಗೆ ಎರಡು ಹೆಸರು, ಒಂದು ಹೆಸರಿಗೆ ಎರಡು ತೋಟೆ!

ಮೂವತ್ತೆಂಟರ ಸಂತೆಯಂತೂ ಕೇಳಲೇಬೇಡಿ. .38 ಸ್ಪೆಷಲ್, .357 ಮ್ಯಾಗ್ನಮ್, .380 ಎ.ಸಿ.ಪಿ., 9 ಮಿ.ಮೀ. ಪ್ಯಾರಾಬೆಲಂ. ನಾಲ್ಕು ಹೆಸರು, ನಾಲ್ಕು ಅಂಕಿ. ಆದರೆ ನಾಲ್ಕರ ಗುಂಡಿನ ಅಗಲವೂ ಹೆಚ್ಚುಕಡಿಮೆ ಒಂದೇ, 9 ಮಿ.ಮೀ. ಆಸುಪಾಸು. ಬೇರೆಯಾಗಿರುವುದು ಕವಚದ ಉದ್ದ. .380 ಎ.ಸಿ.ಪಿ. 17 ಮಿ.ಮೀ., ಪ್ಯಾರಾಬೆಲಂ 19, ಸ್ಪೆಷಲ್ 29, ಮ್ಯಾಗ್ನಮ್ 33. 1935ರ ಹೊತ್ತಿಗೆ ಮ್ಯಾಗ್ನಮ್ ಬಂದಾಗ ಅದರ ಕವಚವನ್ನು ಬೇಕೆಂದೇ ಉದ್ದ ಮಾಡಿದರು. .38 ಸ್ಪೆಷಲ್ ರಿವಾಲ್ವರಿನ ಗೂಡಿಗೆ ಅದು ಹೋಗಲೇಬಾರದು ಎಂಬುದು ಅವರ ಉದ್ದೇಶ. .38 ಎಂಬ ಹೆಸರಂತೂ ಹಳೆಯ ಕಾಲದ ಗುಂಡಿನ ಹೊರ ಅಳತೆಯಿಂದ ಉಳಿದುಬಂದ ಬಾಲ. ಅಳತೆ ಹೋದರೂ ಹೆಸರು ಹೋಗಲಿಲ್ಲ. ಬಂದೂಕಿನ ಲೋಕದಲ್ಲಿ ಅಂಕಿ ಯಾವಾಗಲೂ ಅಳತೆಯೂ ಅಲ್ಲ. .30-06 ಎಂಬ ರೈಫಲ್ ತೋಟೆಯಲ್ಲಿ 06 ಎಂದರೆ 1906ನೇ ಇಸವಿ!

ಇಂಥ ಗೋಜಲನ್ನು ಬಿಡಿಸಲೆಂದೇ ಹೊರಗಿನವರು ಮಾನಕ ಸಂಸ್ಥೆಗಳನ್ನು ಕಟ್ಟಿಕೊಂಡರು. ಬೆಲ್ಜಿಯಂನ ಲೀಜ್ ನಗರದಲ್ಲಿ 1914ರಲ್ಲಿ ಸಿ.ಐ.ಪಿ. ಎಂಬ ಆಯೋಗ ಹುಟ್ಟಿತು. ಅಮೆರಿಕದಲ್ಲಿ 1926ರಲ್ಲಿ ಸಾಮಿ ಎಂಬ ಸಂಸ್ಥೆ ಹುಟ್ಟಿತು. ಪ್ರತಿ ತೋಟೆಗೂ ಒಂದು ಪೂರ್ಣ ಹೆಸರು, ಒಂದು ನಕ್ಷೆ, ಒಂದು ಒತ್ತಡದ ಮಿತಿ ಎಂಬುದು ಅವರ ಕ್ರಮ. ಅವರ ಜನಕ್ಕೆ ಅವರವರ ಭಾಷೆಯಲ್ಲಿ ಅದು ಸಿಗುತ್ತದೆ. ಜರ್ಮನಿಯವನಿಗೆ .380 ಎ.ಸಿ.ಪಿ. ಎಂದರೆ '9 ಮಿ.ಮೀ. ಕುರ್ಟ್ಸ್', ಇಟಲಿಯವನಿಗೆ '9 ಕೊರ್ಟೊ'. ಎರಡರ ಅರ್ಥವೂ ಗಿಡ್ಡ ಎಂದೇ. ತೋಟೆಯ ಹೆಸರಿನಲ್ಲೂ ತಮ್ಮ ನುಡಿ ಬಿಡಲಿಲ್ಲ ಅವರು. ನಾವು?

ಒಂದು ಅಂಕಿ, ಏಳು ವರ್ಷ

ತೋಟೆಯ ಹೆಸರು ತಪ್ಪಿದರೆ ಕೈ ಹೋಗುವುದು ಒಂದು ಕಡೆ. ಜೈಲು ಇನ್ನೊಂದು ಕಡೆ.

ನಮ್ಮ ಕಾಯ್ದೆಯಲ್ಲಿ ಸಾರ್ವಜನಿಕರಿಗೆ ಸಿಗುವ ತೋಟೆ, ನಿಷೇಧಿತ ತೋಟೆ ಎಂಬ ಎರಡು ಪಂಗಡ. ಸೈನ್ಯ, ಪೊಲೀಸರು ಬಳಸುವ 9 ಮಿ.ಮೀ. ಪ್ಯಾರಾಬೆಲಂ, .303 ನಿಷೇಧಿತ. .303 ಜನರಿಗೆ ಸಿಗಬಾರದೆಂದೇ .315 ಎಂಬ ರೈಫಲ್ ಬಂತು. ಎರಡು ಅಂಕಿಗಳ ನಡುವೆ ಇಂಚಿನ ಸಾವಿರದಲ್ಲಿ 12 ಭಾಗದ ವ್ಯತ್ಯಾಸ. ಅಷ್ಟರಲ್ಲಿ ಒಂದು ಪರವಾನಗಿಗೆ ಸಿಗುತ್ತದೆ, ಇನ್ನೊಂದು ಜೈಲಿಗೆ ಕಳಿಸುತ್ತದೆ. 2019ರ ತಿದ್ದುಪಡಿಯ ನಂತರ ನಿಷೇಧಿತ ತೋಟೆ ಇಟ್ಟುಕೊಂಡವನಿಗೆ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಶಿಕ್ಷೆ. ಪರವಾನಗಿ ಇಲ್ಲದೆ ಸಾಮಾನ್ಯ ಬಂದೂಕು ತೋಟೆ ಇಟ್ಟುಕೊಂಡರೆ ಕನಿಷ್ಠ 2, ಗರಿಷ್ಠ 5. ಹಿಂದೆ ಒಬ್ಬನು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, ಅದನ್ನೂ ಎರಡಕ್ಕೆ ಇಳಿಸಿದರು. ಕಾನೂನು ಬಿಗಿಯಾಗಲಿ, ನಮ್ಮ ಅಭ್ಯಂತರವಿಲ್ಲ. ಆದರೆ ಏಳು ವರ್ಷದ ಜೈಲನ್ನು ಒಂದು ಅಂಕಿಯ ಮೇಲೆ ನಿಲ್ಲಿಸಿದ ಸರ್ಕಾರ ಆ ಅಂಕಿಯನ್ನು ಓದಲು ಬರುವ ಹಾಗೆ ಬರೆದುಕೊಡಬೇಡವೇ?

ಚುನಾವಣೆ ಬಂತೆಂದರೆ ನಮ್ಮವರು ಕೋವಿ ಹೊತ್ತು ಠಾಣೆಗೆ ಹೋಗುತ್ತಾರೆ. ಕೊಟ್ಟದ್ದಕ್ಕೆ ಒಂದು ಚೀಟಿ. ಅದರಲ್ಲಿ 'ಗನ್ ಒಂದು, ಕಾಟ್ರಿಜ್ ಹತ್ತು' ಎಂದಿದ್ದರೆ ಮುಗಿಯಿತು. ಯಾವ ಬೋರ್, ಎಷ್ಟು ಉದ್ದ, ಯಾವ ನಂಬರ್ ಚರೆ, ಒಂದೂ ಇಲ್ಲ. ಹತ್ತು ಮನೆಯ ಕೋವಿ, ಹತ್ತು ಮನೆಯ ತೋಟೆ ಒಂದೇ ಕೋಣೆಯಲ್ಲಿ ತಿಂಗಳುಗಟ್ಟಲೆ ಇರುತ್ತವೆ. ಹಿಂದೆ ಬರುವಾಗ ಯಾರ ತೋಟೆ ಯಾರ ಚೀಲದಲ್ಲಿ ಎಂದು ಯಾವ ಆಧಾರದ ಮೇಲೆ ಹೇಳುವುದು? ಮಾಡದ ತಪ್ಪಿಗೆ ಸಿಕ್ಕಿಬೀಳುವವನು ಚೀಟಿ ಬರೆದವನಲ್ಲ, ಚೀಲ ಹೊತ್ತವನು.

ಬುಡದ ಮೇಲಿನ ಅಕ್ಷರ

ಪ್ರತಿ ತೋಟೆಯ ಬುಡದಲ್ಲಿ ಕಾಸಿನಗಲದ ಲೋಹದ ತಟ್ಟೆ ಇರುತ್ತದೆ. ಅದರ ಮೇಲೆ ತಯಾರಕನ ಗುರುತು, ತೋಟೆಯ ಹೆಸರು ಒತ್ತಿರುತ್ತಾರೆ. 'ಕೆ.ಎಫ್.' ಎಂದಿದ್ದರೆ ಪುಣೆಯ ಖಡ್ಕಿಯ ಕಾರ್ಖಾನೆಯದು ಎಂದು ಅರ್ಥ. 1869ರಲ್ಲಿ ಶುರುವಾದ ಕಾರ್ಖಾನೆ. ಇಂಗ್ಲಿಷರ ಬಾಯಲ್ಲಿ ಖಡ್ಕಿ 'ಕಿರ್ಕೀ' ಆಗಿತ್ತು, ಆ 'ಕೆ.ಎಫ್.' ಇಂದಿಗೂ ತೋಟೆಯ ಬುಡಕ್ಕೆ ಅಂಟಿದೆ. 2021ರ ಅಕ್ಟೋಬರ್ 1ರಂದು ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿಯನ್ನು ವಿಸರ್ಜಿಸಿ ಏಳು ಕಂಪನಿ ಮಾಡಿದರು. ತೋಟೆಯ ಕೆಲಸ ಮ್ಯುನಿಷನ್ಸ್ ಇಂಡಿಯಾ ಎಂಬ ಪುಣೆಯ ಕಂಪನಿಗೆ ಹೋಯಿತು. ಕಂಪನಿಯ ಹೆಸರು ಬದಲಾಯಿತು, ಡಬ್ಬಿಯ ಮೇಲೆ ಕನ್ನಡ ಬರಲಿಲ್ಲ.

ಈ ಬುಡದ ತಟ್ಟೆ ಎಷ್ಟು ಮಾತಾಡುತ್ತದೆ ಎಂಬುದನ್ನು ಕನ್ನಡಿಗರು ಕಣ್ಣೀರಿನಲ್ಲಿ ಕಲಿತಿದ್ದೇವೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಮನೆ ಬಾಗಿಲಿನಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಕೊಂದರು. ಎರಡೂ ಕಡೆ ಬಿದ್ದಿದ್ದ ಕವಚಗಳನ್ನೂ ಗುಂಡುಗಳನ್ನೂ ಹೋಲಿಸಿ, ಹೊಡೆದದ್ದು ಒಂದೇ 7.65 ಮಿ.ಮೀ. ನಾಡಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಎರಡು ಊರು, ಎರಡು ವರ್ಷ, ಎರಡು ಕೊಲೆ. ಕಟ್ಟಿ ಹಾಕಿದ್ದು ಬೆರಳಿನಗಲದ ಹಿತ್ತಾಳೆ ಚೂರು.

ಈಗ ಯೋಚಿಸಿ. 7.65 ಎಂದರೆ ಮೇಲೆ ಹೇಳಿದ ಅದೇ .32 ಎ.ಸಿ.ಪಿ. ಒಂದು ಊರಿನ ಪಂಚನಾಮೆಯಲ್ಲಿ '32 ಬೋರ್' ಎಂದೂ ಇನ್ನೊಂದು ಊರಿನದರಲ್ಲಿ '7.65' ಎಂದೂ ಬರೆದರೆ, ತಿಳಿಯದವನಿಗೆ ಇವೆರಡು ಬೇರೆ ಬೇರೆ ತೋಟೆ ಎಂದೇ ಕಾಣುತ್ತದೆ. 7.65 ಅನ್ನು 7.62 ಎಂದು ಜೋಡಿಸಿದರೋ, ಅದು ರೈಫಲ್ಲಿನ ತೋಟೆಯಾಗಿ ಬಿಡುತ್ತದೆ! ನಮ್ಮ ಮುದ್ರಣಾಲಯದಲ್ಲಿ ಮದುವೆ ಕಾಗದದ ಮುಹೂರ್ತವನ್ನು ಮೂರು ಸಲ ಪ್ರೂಫ್ ನೋಡುತ್ತೇವೆ. ಕೊಲೆಯ ಪಂಚನಾಮೆಗೆ ಒಂದು ಸಲವಾದರೂ ನೋಡಬೇಡವೇ?

ಕನ್ನಡದಲ್ಲಿ ಆಗುವುದಿಲ್ಲವೇ?

'ಇದೆಲ್ಲ ತಾಂತ್ರಿಕ ವಿಷಯ, ಇಂಗ್ಲಿಷಿನಲ್ಲೇ ಇರಲಿ' ಎನ್ನುವವರು ಬಂದೇ ಬರುತ್ತಾರೆ. ಅವರಿಗೆ ಒಂದು ಪ್ರಶ್ನೆ. ಕೋವಿ ಹಿಡಿಯುವವನು ಯಾರು? ಟ್ರಿಗರ್ ಎಳೆಯುವವನು ಯಾರು? ಕಳಸದ ರೈತ. ಅವನ ಭಾಷೆ ಕನ್ನಡ. ಅಪಾಯ ಅವನ ಪಾಲಿಗೆ, ಭಾಷೆ ಮಾತ್ರ ಕಚೇರಿಯ ಪಾಲಿಗೆ ಎಂದರೆ ಹೇಗೆ?

ಕಾಫಿ ತೋಟಕ್ಕೆ ತರುವ ಕೀಟನಾಶಕದ ಡಬ್ಬಿ ನೋಡಿ. ಅದರ ಜೊತೆಗಿನ ಚೀಟಿಯಲ್ಲಿ ಹಿಂದಿ, ಇಂಗ್ಲಿಷ್ ಜೊತೆಗೆ ಪ್ರಾದೇಶಿಕ ಭಾಷೆಯೂ ಇರಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ವಿಷದ ಮಟ್ಟ ತಿಳಿಯಲು ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಬೇರೆ. ಕಾಂಡಕೊರಕಕ್ಕೆ ಹೊಡೆಯುವ ಔಷಧಿಗೆ ಕನ್ನಡ ಬೇಕು, ನಳಿಗೆಯಲ್ಲಿ ತುಂಬುವ ಮದ್ದಿಗೆ ಬೇಡವೇ?

ಇನ್ನೊಂದು ಕಡೆಯಿಂದ ನಮ್ಮವರೇ ಆದ ಕೆಲವು ಅತಿ ಪಂಡಿತರು ಬರುತ್ತಾರೆ. ರಿವಾಲ್ವರಿಗೊಂದು, ತೋಟೆಗೊಂದು ಬಾಯಿಗೆ ಹಿಡಿಸದ ಸಂಸ್ಕೃತದ ಹೆಸರು ಕಟ್ಟಿ ಕೈಗೆ ಕೊಡುತ್ತಾರೆ. ದಯವಿಟ್ಟು ಬೇಡಿ! ಇದ್ದ ಮಾತನ್ನು ಬಿಟ್ಟು ಇಲ್ಲದ ಮಾತನ್ನು ಹುಟ್ಟಿಸುವುದು ಕನ್ನಡ ಸೇವೆಯಲ್ಲ. ಕೋವಿ ಎಂಬುದು ಕೊಳವೆ ಎಂಬ ಅರ್ಥದ ನಮ್ಮದೇ ಪದ. ಬಂದೂಕು, ತೋಟಾ, ಪಿಸ್ತೂಲು ಹೊರಗಿನಿಂದ ಬಂದು ನಮ್ಮ ಮನೆಯವೇ ಆದವು. ತೋಟಾ ನಮ್ಮ ಬಾಯಲ್ಲಿ ತೋಟೆ ಆಗಿ ಕೂತಿದೆ. ಈಡು, ಚರೆ, ಮದ್ದು, ಕೇಪು, ಒಂಟಿನಳಿಗೆ, ಜೋಡುನಳಿಗೆ, ಎಲ್ಲವೂ ಇವೆ. ಮೂಡಿಗೆರೆಯಲ್ಲೇ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್ನನ ಬೇಟೆಯ ಕಥೆಗಳನ್ನು ಕನ್ನಡಕ್ಕೆ ತಂದರು. ಇಡೀ ಕರ್ನಾಟಕ ಓದಿತು. ಕನ್ನಡದಲ್ಲಿ ಕೋವಿಯ ವಿಷಯ ಬರೆಯಲು ಆಗುವುದಿಲ್ಲ ಎಂದು ಯಾರಾದರೂ ಹೇಳಿದರೇ?

ನಾವು ಕೇಳುತ್ತಿರುವುದು ಅಂತಾರಾಷ್ಟ್ರೀಯ ಹೆಸರನ್ನು ತೆಗೆದುಹಾಕಿ ಎಂದಲ್ಲ. ಅದನ್ನು ಪೂರ್ತಿಯಾಗಿ ಬರೆಯಿರಿ, ಕನ್ನಡ ಅಕ್ಷರದಲ್ಲಿ ಬರೆಯಿರಿ, ಪಕ್ಕದಲ್ಲಿ ಮಿ.ಮೀ. ಅಳತೆ ಕೊಡಿ ಎಂದು. '.32 ಸ್ಮಿತ್ ಅಂಡ್ ವೆಸನ್ ಲಾಂಗ್, ರಿವಾಲ್ವರ್ ತೋಟೆ, ಕವಚ 23 ಮಿ.ಮೀ.' ಎಂದು ಬರೆದರೆ ಒಂದು ಸಾಲು ಉದ್ದವಾದೀತು, ಅಷ್ಟೇ. ಮಸಿಯ ಖರ್ಚು ಎಷ್ಟೆಂದು ನನಗೆ ಗೊತ್ತು. ಒಂದು ಕಾಸೂ ಆಗುವುದಿಲ್ಲ.

ನಮ್ಮ ಬೇಡಿಕೆ

ರಾಜ್ಯದಲ್ಲಿ ರಾಜಭಾಷಾ ಅಧಿನಿಯಮ ಬಂದದ್ದು 1963ರಲ್ಲಿ. ಅಂದಿನಿಂದ ಇಂದಿನವರೆಗೆ ಕೋವಿಯ ಪುಸ್ತಕದ ತನಕ ಕನ್ನಡ ನಡೆದುಬರಲಿಲ್ಲ. ಆದ್ದರಿಂದ ಕೇಳುತ್ತಿದ್ದೇವೆ.

ಒಂದು, ಶಸ್ತ್ರ ಪರವಾನಗಿ ಪುಸ್ತಕದಲ್ಲಿ ಕೋವಿಯ ಬಗೆ, ತೋಟೆಯ ಪೂರ್ಣ ಹೆಸರು, ಉದ್ದ, ಸಂಖ್ಯೆ ಇವು ಕನ್ನಡದಲ್ಲಿ ಇರಲಿ. ಇಂಗ್ಲಿಷ್ ಪಕ್ಕದಲ್ಲಿರಲಿ, ಬೇಡವೆನ್ನುವುದಿಲ್ಲ. ನವೀಕರಣಕ್ಕೆ ಕೋವಿ ತಂದಾಗ ನಳಿಗೆಯ ಮೇಲಿನ ಕೆತ್ತನೆ ನೋಡಿ ಬರೆಯಲಿ, ಹಳೆಯ ಪುಸ್ತಕ ನೋಡಿ ನಕಲು ಮಾಡುವುದು ಬೇಡ. ಇದಕ್ಕಾಗಿ ಕಳಸದವನು ಕೊಟ್ಟಿಗೆಹಾರ, ಮೂಡಿಗೆರೆ ದಾಟಿ ಚಿಕ್ಕಮಗಳೂರಿಗೆ ಅಲೆಯಬೇಕಾಗಿಲ್ಲ. ಕಳಸ ಈಗ ತಾಲ್ಲೂಕು, ಇಲ್ಲೇ ಆಗಲಿ.

ಎರಡು, ಕರ್ನಾಟಕದಲ್ಲಿ ಮಾರುವ ತೋಟೆಯ ಡಬ್ಬಿಯ ಮೇಲೆ ಕನ್ನಡ ಇರಲಿ. ಯಾವ ಕೋವಿಗೆ, ಯಾವ ಗೂಡಿಗೆ, ಯಾವುದಕ್ಕೆ ಹಾಕಬಾರದು ಎಂಬ ಮೂರು ಸಾಲು ಸಾಕು. ಅಂಗಡಿಯ ರಸೀದಿಯಲ್ಲೂ ಅದೇ ಪೂರ್ಣ ಹೆಸರು ಇರಲಿ.

ಮೂರು, ಠಾಣೆಯಲ್ಲಿ ಕೋವಿ ಒಪ್ಪಿಸಿದಾಗ ಕೊಡುವ ಚೀಟಿಗೆ, ಪಂಚನಾಮೆಗೆ ಒಂದು ಕನ್ನಡ ನಮೂನೆ ಮಾಡಲಿ. ಹೊಡೆಯದ ತೋಟೆ, ಖಾಲಿ ಕವಚ, ಗುಂಡು ಎಂಬ ಮೂರು ಬೇರೆ ಕಾಲಂ. ಬುಡದ ಮೇಲಿನ ಅಕ್ಷರಗಳನ್ನು ಇದ್ದ ಹಾಗೇ ಬರೆಯಲು ಒಂದು ಕಾಲಂ. ಅಂಥ ನಮೂನೆಯನ್ನು ಜೋಡಿಸಿಕೊಡಲು ನಮ್ಮಂಥ ಸಣ್ಣ ಮುದ್ರಣಾಲಯಕ್ಕೆ ಅರ್ಧ ದಿನ ಸಾಕು.

ನಾಲ್ಕು, ಪತ್ರಿಕೆಯ ಮಿತ್ರರೇ, 'ಜೀವಂತ ಗುಂಡು' ಇಂದಿಗೆ ಸಾಯಲಿ. 'ಹೊಡೆಯದ ತೋಟೆ' ಎಂದು ಬರೆಯಿರಿ. '32 ಬೋರ್ ರಿವಾಲ್ವರ್' ಎಂದು ಬರೆಯುವ ಮೊದಲು ಚುಕ್ಕಿ ಎಲ್ಲಿ ಹೋಯಿತು ಎಂದು ಕೇಳಿ.

ಕೊನೆಯದಾಗಿ ನಮ್ಮ ತೋಟದ ಬಂಧುಗಳಿಗೆ ಒಂದು ಮಾತು. ಸರ್ಕಾರ ಎಚ್ಚೆತ್ತುಕೊಳ್ಳುವವರೆಗೆ ಕಾಯುತ್ತ ಕೂರಬೇಡಿ. ಇಂದೇ ಕೋವಿ ಇಳಿಸಿ, ಖಾಲಿ ಇದೆಯೇ ಎಂದು ಎರಡು ಸಲ ನೋಡಿ. ನಳಿಗೆಯ ಮೇಲಿನ ಕೆತ್ತನೆ, ತೋಟೆಯ ಬುಡದ ಅಕ್ಷರ, ಪುಸ್ತಕದ ಸಾಲು ಈ ಮೂರನ್ನೂ ಒಂದು ಹಾಳೆಯಲ್ಲಿ ಪಕ್ಕಪಕ್ಕ ಬರೆದುಕೊಳ್ಳಿ. ಮೂರೂ ಒಂದೇ ಹೇಳಿದರೆ ಸರಿ. ಒಂದು ಬೇರೆ ಹೇಳಿದರೆ ಆ ಹಾಳೆ ಹಿಡಿದು ಕಚೇರಿಗೆ ಹೋಗಿ, 'ಇದನ್ನು ಕನ್ನಡದಲ್ಲಿ ಸರಿಯಾಗಿ ಬರೆದುಕೊಡಿ' ಎಂದು ಕೇಳಿ. ಒಬ್ಬರು ಕೇಳಿದರೆ ಗದರಿಸಿ ಕಳಿಸುತ್ತಾರೆ. ಊರಿನ ಐವತ್ತು ಮಂದಿ ಐವತ್ತು ಹಾಳೆ ಹಿಡಿದು ನಿಂತರೆ ಬರೆದುಕೊಡಲೇಬೇಕು.